ಹೆಗಲಿಗೆ ಹೆಗಲು

ಕಳೆದ ತಿಂಗಳು ಈ ಪುಟದಲ್ಲಿ ಮಕ್ಕಳ ನಿದ್ರೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆದಿದ್ದೆವು. ಅದನ್ನು ಓದಿದ ಚಾಮರಾಜಪೇಟೆಯ ಸೋದರಿಯೊಬ್ಬರು ನಮಗೆ ಒಂದು ಕಾಗದವನ್ನು ಬರೆದಿರುವರು. ನಿದ್ರೆಯಿಂದ ಆರಂಭವಾಗುವ ಆ ಕಾಗದವು ಆಟದ ಬಯಲಿನಲ್ಲಿ ಹೋಗಿ ಮುಗಿಯುತ್ತದೆ.

ಆಕೆಯ ಮಗನಿಗೆ ಹದಿನಾಲ್ಕು ವರ್ಷ; ಓರಗೆಯವರಿಗಿಂತ ಮೈಕಟ್ಟು ದೊಡ್ಡದು. ಶಾಲೆಯ ಕಬಡ್ಡಿ ತಂಡಕ್ಕೆ ಬಾಲಕರನ್ನು ಆರಿಸುವಾಗ, “ಇವನು ದಪ್ಪಗಿದ್ದಾನೆ, ಗೋಡೆ ಹಾಗೆ ನಿಲ್ಲಲಿ” ಎಂದು ಅವನನ್ನು ಹಿಡಿಯುವವರ ಸಾಲಿಗೆ ಹಾಕಿದರಂತೆ. ಹೇಗೆ ನಿಲ್ಲಬೇಕು, ಹೇಗೆ ಹಿಡಿಯಬೇಕು ಎಂಬುದನ್ನು ಯಾರೂ ಹೇಳಿಕೊಡಲಿಲ್ಲವಂತೆ. ಎರಡನೆಯ ದಿನವೇ, ಒಳನುಗ್ಗಿದ ಹುಡುಗನ ಮೊಣಕಾಲು ತಲೆಗೆ ತಗುಲಿ, ಕುತ್ತಿಗೆ ಉಳುಕಿಸಿಕೊಂಡು ಮನೆಗೆ ಬಂದನು. ಈಗ ನೋವು ವಾಸಿಯಾಗಿದೆ. ಆದರೆ ಹುಡುಗನು ರಾತ್ರಿಯ ಊಟವನ್ನು ಬಿಟ್ಟಿರುವನು. ತೂಕ ಇಳಿದರೆ ದಾಳಿಗೆ ಹೋಗುವವನ ಸ್ಥಾನ ತನಗೆ ದೊರೆಯುವುದೆಂದು ಅವನ ಎಣಿಕೆ. ಹಸಿದ ಹೊಟ್ಟೆಗೆ ನಿದ್ರೆ ಬಾರದೆ ನಡುರಾತ್ರಿಯಲ್ಲಿ ಎದ್ದು ಕೂಡುತ್ತಾನೆ. “ಅವರ ತಂದೆ ಆಟವನ್ನೇ ಬಿಡಿಸು ಅನ್ನುತ್ತಾರೆ. ಆಟ ಬಿಡಿಸಿದರೆ ಹುಡುಗ ಮಂಕಾಗಿಬಿಡುತ್ತಾನೆ. ಬಿಡಿಸದಿದ್ದರೆ ನನಗೆ ಜೀವ ಹಾರುತ್ತದೆ. ನಾನು ಏನು ಮಾಡಲಿ?” ಎಂದು ತಾಯಿ ಕೇಳುತ್ತಾರೆ.

ಈ ಪ್ರಶ್ನೆಗೆ ಎರಡು ಸಾಲಿನಲ್ಲಿ ಉತ್ತರ ಹೇಳಿ ಕೈ ತೊಳೆದುಕೊಳ್ಳುವುದು ನಮಗೆ ಸರಿತೋರಲಿಲ್ಲ. ಬಾಲಕರ ಆಟದಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕು, ನಿಲ್ಲಿಸುವ ಮುನ್ನ ಏನನ್ನು ಕಲಿಸಬೇಕು ಎಂಬುದು ಆಟದ ಮೇಷ್ಟರ ವಿಷಯವೆಂದು ನಾವು ಗೃಹಸ್ಥರು ಸುಮ್ಮನಿರುವುದುಂಟು. ಆದರೆ ಆ ಆಯ್ಕೆಯ ಫಲವು ಮನೆಗೇ ಬರುತ್ತದೆ. ಉಳುಕಿದ ಕುತ್ತಿಗೆಯಾಗಿ ಬರುತ್ತದೆ, ಮುಟ್ಟದ ತಟ್ಟೆಯಾಗಿ ಬರುತ್ತದೆ. ಆದುದರಿಂದ ಈ ಸಲ ಇದೇ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರ ಮಾಡೋಣ.

ಮೊದಲು ಆಟದ ಮಾತು. ಚಾಮರಾಜಪೇಟೆಯು 1892ರಲ್ಲಿಯೂ, ಬಸವನಗುಡಿ ಮತ್ತು ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿಯೂ ಬಡಾವಣೆಗಳಾಗಿ ಮೈದಳೆದುವು. ವಿಶಾಲವಾದ ಬೀದಿಗಳೂ ಮನೆಯ ಹಿಂದೆ ಮುಂದೆ ತೆರಪೂ ಇದ್ದ ಆ ಬಡಾವಣೆಗಳಲ್ಲಿ ಮಕ್ಕಳ ಆಟಕ್ಕೆ ಜಾಗದ ಬರವಿರಲಿಲ್ಲ. ಇಂದು ತೆರಪು ಕಿರಿದಾಗಿದೆ, ಬೀದಿಯು ವಾಹನಗಳ ಪಾಲಾಗಿದೆ. ಇಷ್ಟಾದರೂ ಉಳಿದುಕೊಂಡಿರುವ ಆಟಗಳಲ್ಲಿ ಕಬಡ್ಡಿಯೊಂದು. ಹಿರಿಯರು ಇದನ್ನೇ ಚೆಡುಗುಡು ಎನ್ನುತ್ತಿದ್ದರು. ಉತ್ತರದ ಜಿಲ್ಲೆಗಳ ಕಡೆ ಹುತುತು ಎಂದೂ ಕರೆದರು. ದೊಡ್ಡವರ ಪಂದ್ಯಕ್ಕೆ 13 ಮೀಟರು ಉದ್ದ, 10 ಮೀಟರು ಅಗಲದ ನೆಲ ಸಾಕು. ಚೆಂಡು ಬೇಡ, ದಾಂಡು ಬೇಡ. ಬೇಕಾದುದು ಉಸಿರು, ಕಾಲು, ಜೊತೆಗಾರ.

ಇಷ್ಟು ಸರಳವಾದ ಆಟವು ಬಹು ದೂರ ಪ್ರಯಾಣ ಮಾಡಿದೆ. 1936ರಲ್ಲಿ ಬರ್ಲಿನ್ ನಗರದಲ್ಲಿ ಒಲಿಂಪಿಕ್ಸ್ ನಡೆದಾಗ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲದವರು ಇದನ್ನು ಅಲ್ಲಿ ಆಡಿ ತೋರಿಸಿದರು. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡೆಗಳಲ್ಲಿ ಪುರುಷರಿಗೂ, 2010ರಲ್ಲಿ ಗುವಾಂಗ್‌ಝೌನಲ್ಲಿ ಮಹಿಳೆಯರಿಗೂ ಇದರಲ್ಲಿ ಪದಕಗಳು ಏರ್ಪಟ್ಟುವು. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗಿನಿಂದ ಆಟವು ಮನೆಮನೆಯ ದೂರದರ್ಶನದ ಪರದೆಗೆ ಬಂದಿತು. 2019ರ ಜನವರಿ 5ರಂದು ಮುಂಬಯಿಯಲ್ಲಿ ಬೆಂಗಳೂರು ಬುಲ್ಸ್ ತಂಡವು ಗುಜರಾತಿನವರನ್ನು 38–33ರಿಂದ ಸೋಲಿಸಿ ಪ್ರಶಸ್ತಿಯನ್ನು ಗೆದ್ದುದು ನಮ್ಮ ಮನೆಗಳ ಬಾಲಕರಿಗೆಲ್ಲ ಬಾಯಿಪಾಠವಾಗಿದೆ. ಆ ದಿನ ಪವನ್ ಸೆಹ್ರಾವತ್ ಎಂಬಾತನು ಒಬ್ಬನೇ 22 ಅಂಕಗಳನ್ನು ತಂದನು. ಅದರ ಮರುದಿನದಿಂದ ಬೀದಿಯ ಹುಡುಗರೆಲ್ಲರೂ ಪವನನೇ ಆಗಬಯಸಿದರು. ಅದೇ ಪಂದ್ಯದಲ್ಲಿ ಹಿಂದೆ ನಿಂತು ಎದುರಾಳಿಗಳನ್ನು ಹಿಡಿದುಹಾಕಿದವರ ಹೆಸರನ್ನು ಯಾವ ಹುಡುಗನಾದರೂ ಹೇಳುವನೋ ಎಂದು ನಾವು ಕೇಳಿ ನೋಡಿದೆವು. ಒಬ್ಬನೂ ಹೇಳಲಿಲ್ಲ. ಚಾಮರಾಜಪೇಟೆಯ ಆ ಬಾಲಕನ ಹಸಿವಿಗೆ ಮೂಲ ಇಲ್ಲಿದೆ.

ಆಟದ ಕಟ್ಟಳೆಯನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಈ ಮರೆವು ಎಷ್ಟು ಅನ್ಯಾಯವಾದುದೆಂಬುದು ತಿಳಿಯುತ್ತದೆ. ಒಂದೊಂದು ಕಡೆಯಲ್ಲಿ ಏಳು ಮಂದಿ. ದಾಳಿಗೆ ಹೋದವನು “ಕಬಡ್ಡಿ, ಕಬಡ್ಡಿ” ಎಂದು ಒಂದೇ ಉಸಿರಿನಲ್ಲಿ ನುಡಿಯುತ್ತ, ಮೂವತ್ತು ಸೆಕೆಂಡುಗಳೊಳಗಾಗಿ ಎದುರಾಳಿಗಳನ್ನು ಮುಟ್ಟಿ ತನ್ನ ಕಡೆಗೆ ಮರಳಬೇಕು. ಮರಳದೆ ಸಿಕ್ಕಿಬಿದ್ದರೆ ಅವನು ಅಂಕಣದಿಂದ ಹೊರಗೆ ಹೋಗಿ ಕುಳಿತುಕೊಳ್ಳಬೇಕು. ಹಾಗೆ ಕುಳಿತವನು ತಾನಾಗಿ ಎದ್ದು ಬರುವಂತಿಲ್ಲ. ಅವನ ಕಡೆಯವರು ಎದುರಾಳಿಯೊಬ್ಬನನ್ನು ಔಟು ಮಾಡಿದಾಗಲೇ ಹೊರಗಿದ್ದವರಲ್ಲಿ ಒಬ್ಬನಿಗೆ ಮರುಪ್ರವೇಶ. ಎಂದರೆ, ಎಷ್ಟೇ ಹೆಸರುವಾಸಿಯಾದ ದಾಳಿಗಾರನಾದರೂ ಸಿಕ್ಕಿಬಿದ್ದ ಮೇಲೆ ಅವನ ಪ್ರಾಣವು ಒಳಗೆ ನಿಂತವರ ಕೈಯಲ್ಲಿ. ಅವರು ಹಿಡಿದರೆ ಅವನು ಏಳುತ್ತಾನೆ. ಅವರು ಬಿಟ್ಟರೆ ಅವನು ಕುಳಿತೇ ಇರುತ್ತಾನೆ.

ಇಂತಹ ಇನ್ನೊಂದು ಆಟವು ಪಾಶ್ಚಾತ್ಯ ದೇಶಗಳಲ್ಲಿರುವುದನ್ನು ಇಲ್ಲಿ ನೆನೆಯುವುದು ಉಚಿತ. ಅದು ಇಂಗ್ಲೆಂಡಿನ ಶಾಲೆಗಳಲ್ಲಿ ಬೆಳೆದ ರಗ್ಬಿ. ನಮ್ಮ ದೇಶಕ್ಕೂ ಅದಕ್ಕೂ ಹಳೆಯ ನಂಟೊಂದುಂಟು. ಕಲಕತ್ತೆಯ ಫುಟ್‌ಬಾಲ್ ಕ್ಲಬ್ಬಿನವರು 1878ರಲ್ಲಿ ತಮ್ಮಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಬಟ್ಟಲಿಗಾಗಿಯೇ ಇಂಗ್ಲೆಂಡು ಸ್ಕಾಟ್ಲೆಂಡುಗಳು 1879ರಿಂದ ಆಡುತ್ತ ಬಂದಿವೆ. ಆ ಆಟದಲ್ಲಿ ಸ್ಕ್ರಮ್ ಎಂಬುದೊಂದು ಏರ್ಪಾಡು. ಒಂದೊಂದು ಕಡೆಯ ಎಂಟು ಮಂದಿ ಒಬ್ಬರನ್ನೊಬ್ಬರು ತೋಳಿನಿಂದ ಬಿಗಿಹಿಡಿದು, ಸೊಂಟ ಬಗ್ಗಿಸಿ, ಎದುರಿನ ಎಂಟು ಮಂದಿಯ ಹೆಗಲಿಗೆ ಹೆಗಲು ಕೊಟ್ಟು ತಳ್ಳುವರು. ನಡುವೆ ಚೆಂಡನ್ನು ಹಾಕುವರು. ಮುಂದಿನ ಸಾಲಿನಲ್ಲಿ ಮೂವರು: ಇಬ್ಬರು ಕಂಬಗಳಂತೆ ಭಾರ ಹೊರುವವರು, ನಡುವಿನವನು ಕಾಲಿನಿಂದ ಚೆಂಡನ್ನು ಹಿಂದಕ್ಕೆ ಸೆಳೆಯುವವನು. ಅವರ ಬೆನ್ನಿಗೆ ಇಬ್ಬರು ಎತ್ತರದ ಆಳುಗಳು, ಪಕ್ಕಗಳಲ್ಲಿ ಇಬ್ಬರು, ಕೊನೆಯಲ್ಲಿ ಒಬ್ಬನು. ಚೆಂಡು ಗೆದ್ದ ಮೇಲೆ ಅದನ್ನು ಹಿಡಿದು ಓಡುವವನು ಬೇರೆಯವನು. ಜನರು ಚಪ್ಪಾಳೆ ತಟ್ಟುವುದು ಅವನಿಗೆ. ಆದರೆ ಈ ಎಂಟು ಮಂದಿ ಹೆಗಲು ಕೊಡದಿದ್ದರೆ ಓಡುವವನ ಕೈಗೆ ಚೆಂಡೇ ಬಾರದು.

ಆ ಆಟದವರು ಅನುಭವದಿಂದ ಒಂದು ಪಾಠವನ್ನು ಕಲಿತಿರುವರು. ಸ್ಕ್ರಮ್ ಕುಸಿದು ಬಿದ್ದರೆ ಮುಂದಿನ ಸಾಲಿನವರ ಕುತ್ತಿಗೆಗೆ ಅಪಾಯ. ಆದುದರಿಂದ ಬಾಲಕರ ವಿಷಯದಲ್ಲಿ ಅವರು ಬಿಗಿಯಾದ ಕಟ್ಟಳೆಗಳನ್ನು ಮಾಡಿಕೊಂಡರು. ಹತ್ತೊಂಬತ್ತು ವರ್ಷದೊಳಗಿನವರು ಸ್ಕ್ರಮ್ಮಿನಲ್ಲಿ ಎದುರಾಳಿಯನ್ನು ಒಂದೂವರೆ ಮೀಟರಿಗಿಂತ ಹೆಚ್ಚು ದೂರ ತಳ್ಳಕೂಡದು. ಮುಂದಿನ ಸಾಲಿನಲ್ಲಿ ನಿಲ್ಲಲು ತಕ್ಕ ಶಿಕ್ಷಣ ಪಡೆದವರು ಇಲ್ಲದಿದ್ದರೆ ತಳ್ಳಾಟವನ್ನೇ ಬಿಟ್ಟು, ಸುಮ್ಮನೆ ಕಟ್ಟಿ ನಿಂತು ಚೆಂಡನ್ನು ಆಡಿಸಬೇಕು. 2013ರಿಂದೀಚೆಗೆ ದೊಡ್ಡವರ ಆಟದಲ್ಲಿಯೂ ಎರಡು ಕಡೆಯವರು ದೂರದಿಂದ ಬಂದು ಗುದ್ದಿಕೊಳ್ಳದೆ, ಮೊದಲು ಬಗ್ಗಿ, ಆಮೇಲೆ ಹಿಡಿದು, ಆಮೇಲೆ ಸೇರಬೇಕೆಂದು ಕ್ರಮವನ್ನು ತಿದ್ದಿದರು. ಇದರ ಸಾರವಿಷ್ಟೆ: ತೂಕವಿದೆಯೆಂಬ ಕಾರಣದಿಂದ ಯಾವ ಹುಡುಗನನ್ನೂ ಮುಂದೆ ತಳ್ಳಕೂಡದು, ಹಿಡಿಯಲು ಕಲಿತ ಮೇಲೆಯೇ ತಳ್ಳಬೇಕು. ಕಬಡ್ಡಿಯ ಗೋಡೆಗೂ ಈ ಮಾತು ಅಕ್ಷರಶಃ ಸಲ್ಲುತ್ತದೆ.

ಸೋದರಿಯವರಿಗೆ ಉತ್ತರ ಬರೆಯುವ ಮುನ್ನ ನಾವು ಒಂದು ಸಂಜೆ ಬಸವನಗುಡಿಯ ಒಂದು ಶಾಲೆಯ ಬಯಲಿಗೆ ಹೋಗಿ ಕುಳಿತೆವು. ಅಲ್ಲಿನ ವ್ಯಾಯಾಮದ ಮೇಷ್ಟರು ವಯಸ್ಸಾದವರು. ಎಳೆಯ ವಯಸ್ಸಿನಲ್ಲಿ ಪೇಟೆಯ ಗರಡಿಯ ಮಣ್ಣಿನಲ್ಲಿ ಹೊರಳಿದವರು. ಸುಮಾರು ಇಪ್ಪತ್ತು ಮಂದಿ ಹುಡುಗರು ಸೇರಿದ್ದರು. ಅವರಲ್ಲಿ ಏಳು ಮಂದಿಯನ್ನೂ ಮೇಲೆ ಐವರನ್ನೂ ಆರಿಸಬೇಕಾಗಿದ್ದಿತು. ಮೇಷ್ಟರು ತಕ್ಕಡಿಯನ್ನು ತರಲಿಲ್ಲ. ಹುಡುಗರನ್ನು ಇಬ್ಬಿಬ್ಬರನ್ನಾಗಿ ಮಾಡಿ, ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿದುಕೊಂಡು ನಿಲ್ಲುವಂತೆ ಹೇಳಿದರು. ಚುರುಕಾದ ಹುಡುಗನೊಬ್ಬನನ್ನು ಅವರೆದುರಿಗೆ ಬಿಟ್ಟು, “ಇವನು ಅರ್ಧ ನಿಮಿಷ ಕುಣೀತಾನೆ. ನಾನು ಹೇಳೋವರೆಗೂ ಯಾರೂ ಹಿಡೀಬಾರದು. ಜೊತೆಯವನ ಕೈ ಬಿಡಬಾರದು” ಎಂದರು.

ಎದುರಿನವನು ಕೈ ಚಾಚಿದನು, ಕಾಲು ಚಾಚಿದನು, ಬೆನ್ನು ತಿರುಗಿಸಿ ಅಣಕಿಸಿದನು. ಹದಿನೈದು ಸೆಕೆಂಡು ಕಳೆಯುವುದರೊಳಗಾಗಿ ಅರ್ಧ ಮಂದಿ ಜೊತೆಯವನ ಕೈ ಕಿತ್ತುಕೊಂಡು ಅವನ ಮೇಲೆ ಬಿದ್ದಿದ್ದರು. ಅವರಲ್ಲಿ ದೃಢಕಾಯರೂ ಇದ್ದರು, ಸಣಕಲರೂ ಇದ್ದರು. ಕೊನೆಯವರೆಗೆ ನಿಂತವರಲ್ಲಿ ಒಬ್ಬನು ಕಡ್ಡಿಯಂತಿದ್ದ ಹುಡುಗ. ಇನ್ನೊಬ್ಬನು ಎಲ್ಲರಿಗಿಂತ ದೊಡ್ಡವನಾದ ಹುಡುಗ. ಮೇಷ್ಟರು ನಮ್ಮ ಕಡೆ ತಿರುಗಿ, “ಸ್ವಾಮಿ, ಹಿಡಿಯೋದು ಆಮೇಲಿನ ಮಾತು. ಮೊದಲು ಕಾಯೋದು ಬರಬೇಕು. ಕಾಯೋಕೆ ಬರದವನು ತಾನೂ ಬೀಳ್ತಾನೆ, ಜೊತೆಯವನನ್ನೂ ಬೀಳಿಸ್ತಾನೆ” ಎಂದರು.

ಆ ದೊಡ್ಡ ಹುಡುಗನ ಮುಖದಲ್ಲಿ ಸಂತೋಷ ಕಾಣಲಿಲ್ಲ. ಅವನು ಹತ್ತಿರ ಬಂದು ಮೆಲ್ಲನೆ, “ಸಾರ್, ನಾನು ಯಾವಾಗಲೂ ಹಿಡಿಯೋ ಕಡೆಗೇನಾ?” ಎಂದು ಕೇಳಿದನು.

ಮೇಷ್ಟರು ದಾಳಿಗಾರನಾದ ಚುರುಕು ಹುಡುಗನನ್ನು ತೋರಿಸಿ, “ಹೋದ ವಾರ ಇವನು ಔಟಾಗಿ ಹೊರಗೆ ಕೂತಿದ್ದನಲ್ಲ, ಇವನನ್ನು ಎಬ್ಬಿಸಿ ಒಳಗೆ ತಂದವನು ಯಾರೋ?” ಎಂದರು.

ಹುಡುಗನು ತಲೆ ತಗ್ಗಿಸಿದನು. ಉತ್ತರ ಕೊಟ್ಟವನು ದಾಳಿಗಾರನೇ. “ಇವನೇ ಸಾರ್. ಇವನು ಹಿಡಿದ, ನಾನು ಎದ್ದೆ.”

“ಕೇಳಿದೆಯೇನಪ್ಪ? ಹಾಗಾದರೆ ನಾಳೆ ನೀನೂ ಎರಡು ಸಲ ದಾಳಿಗೆ ಹೋಗು. ಇವನು ಗೋಡೇಲಿ ನಿಲ್ಲಲಿ. ಒಬ್ಬರ ಕಷ್ಟ ಒಬ್ಬರಿಗೆ ಗೊತ್ತಾಗಲಿ” ಎಂದು ಮೇಷ್ಟರು ನಕ್ಕರು.

ಆ ಸಂಜೆ ನಾವು ಕಂಡುದನ್ನೂ ಅವರಿಂದ ಕೇಳಿ ತಿಳಿದುದನ್ನೂ ಇಲ್ಲಿ ಸಂಗ್ರಹವಾಗಿ ಕೊಡುತ್ತೇವೆ. ಶಾಲೆಯಲ್ಲಿ ತಕ್ಕ ಮೇಷ್ಟರಿಲ್ಲದ ಕಡೆ ಬೀದಿಯ ಹಿರಿಯ ಹುಡುಗರಾದರೂ ಇದನ್ನು ಅನುಸರಿಸಬಹುದು.

ಮೊದಲನೆಯದು ಆಯ್ಕೆ. ಏಳು ಮಂದಿ ನಿಲ್ಲುವಾಗ ಎಡಬಲದ ತುದಿಗಳಲ್ಲಿ ಒಬ್ಬೊಬ್ಬರು. ಇವರನ್ನು ಕಾರ್ನರ್ ಎಂದು ಹುಡುಗರು ಕರೆಯುವರು. ಅವರ ಪಕ್ಕದಲ್ಲಿ ಕೈಜೋಡಿಸಿದ ಒಬ್ಬೊಬ್ಬರು, ಅವರಿಂದೀಚೆಗೆ ಕವರ್ ಎನ್ನಿಸಿಕೊಳ್ಳುವ ಇಬ್ಬರು, ನಡುವೆ ಒಬ್ಬನು. ತುದಿಯವನಿಗೆ ಬೇಕಾದುದು ತಗ್ಗಿ ನಿಲ್ಲುವ ಮೈ, ಗಟ್ಟಿಯಾದ ಬೆರಳು, ತಾಳ್ಮೆ. ದಾಳಿಗಾರನು ಕಾಲು ಚಾಚಿದ ಗಳಿಗೆಯಲ್ಲಿ ಕಣಕಾಲನ್ನು ಹಿಡಿಯತಕ್ಕವನು ಅವನು. ಇದಕ್ಕೆ ತೂಕವು ಮುಖ್ಯವಲ್ಲ. ಆ ಕಡ್ಡಿಯಂತಹ ಹುಡುಗನು ಆರಿಸಲ್ಪಟ್ಟುದು ಈ ಸ್ಥಾನಕ್ಕೇ. ಕವರಿನವನಿಗೆ ಅಗಲವಾದ ಹೆಗಲೂ ಎರಡು ಮೂರು ಹೆಜ್ಜೆಗಳ ಮಿಂಚಿನ ವೇಗವೂ ಬೇಕು. ದಾಳಿಗಾರನು ಮರಳುವ ದಾರಿಗೆ ಅಡ್ಡ ಬರತಕ್ಕವನು ಅವನು. ಪಕ್ಕದಲ್ಲಿ ಕೈಜೋಡಿಸುವವನಿಗೆ ಬೇಕಾದ ಗುಣವು ಇನ್ನೊಂದು: ಜೊತೆಯವನ ಮನಸ್ಸನ್ನು ಅವನ ಕೈಯ ಬಿಗಿತದಿಂದಲೇ ಅರಿಯುವುದು. ತುದಿಯವನು ಹಾರಿದಾಗ ಇವನು ಎಳೆಯಲ್ಪಟ್ಟು ಹೋಗದೆ ಜೊತೆಗೇ ಹೋಗಬೇಕು.

ಹುಡುಗರನ್ನು ಆರಿಸುವವರು ನಾಲ್ಕು ಸಂಗತಿಗಳನ್ನು ನೋಡಬೇಕೆಂದು ಮೇಷ್ಟರು ಹೇಳಿದರು. ಇವನು ಕಾಯಬಲ್ಲನೇ? ಜೊತೆಯವನ ಕೂಗನ್ನು ಕೇಳುವನೇ? ದಣಿದಾಗಲೂ ಕಾಲಿನ ಮೇಲೆ ತೂಗಿ ನಿಲ್ಲುವನೇ, ಹಿಮ್ಮಡಿಯ ಮೇಲೆ ಕುಸಿಯುವನೇ? ಹಿಡಿತ ತಪ್ಪಿ ಅಂಕ ಹೋದ ಮೇಲೆ ಮತ್ತೆ ಬಂದು ಅದೇ ಜಾಗದಲ್ಲಿ ನಿಲ್ಲುವ ಧೈರ್ಯವಿದೆಯೇ? ಇವು ನಾಲ್ಕೂ ಇದ್ದು ತೂಕವೂ ಇದ್ದರೆ ಲಾಭ. ತೂಕವೊಂದೇ ಇದ್ದರೆ ಅದು ಹೊರೆ.

ಇನ್ನೊಂದು ಮಾತನ್ನು ನಾವೇ ಸೇರಿಸುತ್ತೇವೆ. ಹನ್ನೆರಡರಿಂದ ಹದಿನೈದರವರೆಗಿನ ವಯಸ್ಸಿನಲ್ಲಿ ಬಾಲಕರ ಬೆಳವಣಿಗೆ ಒಂದೇ ಸಮನಾಗಿರುವುದಿಲ್ಲ. ಒಂದೇ ತರಗತಿಯಲ್ಲಿ ಒಬ್ಬನಿಗೆ ಮೀಸೆಯ ನೆರಳು ಕಂಡಿರುವುದು, ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. ಇಂದು ದೊಡ್ಡವನಾಗಿ ಕಾಣುವವನು ಮೂರು ವರ್ಷಗಳ ಮೇಲೆ ಓರಗೆಯವರ ನಡುವೆ ಸಾಧಾರಣನಾಗಬಹುದು. ಇಂದಿನ ಕುಳ್ಳನು ಅವನನ್ನು ಮೀರಿ ಬೆಳೆಯಬಹುದು. ಹೀಗಿರುವಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ “ನೀನು ಗೋಡೆ, ನೀನು ದಾಳಿ” ಎಂದು ಹಣೆಯ ಮೇಲೆ ಬರೆದುಬಿಡುವುದು ತಪ್ಪು. ಆ ವಯಸ್ಸಿನಲ್ಲಿ ಪ್ರತಿಯೊಬ್ಬನೂ ಪ್ರತಿಯೊಂದು ಸ್ಥಾನದಲ್ಲಿಯೂ ನಿಂತು ನೋಡಬೇಕು. ಅಭ್ಯಾಸದಲ್ಲಿ ಎದುರುಬದುರು ನಿಲ್ಲಿಸುವಾಗ ವಯಸ್ಸನ್ನಷ್ಟೇ ನೋಡದೆ ಮೈಕಟ್ಟನ್ನೂ ನೋಡಿ ಜೋಡಿ ಮಾಡಬೇಕು.

ಎರಡನೆಯದು ಶಿಕ್ಷಣ. ಗರಡಿಯಲ್ಲಿ ಉಸ್ತಾದರು ಮೊದಲ ದಿನವೇ ಯಾರನ್ನೂ ಕುಸ್ತಿಗೆ ಬಿಡುತ್ತಿರಲಿಲ್ಲವೆಂಬುದನ್ನು ಹಿರಿಯರು ಬಲ್ಲರು. ದಂಡ, ಬಸ್ಕಿಗಳಿಂದ ತೊಡೆ ತೋಳುಗಳು ಗಟ್ಟಿಯಾದ ಮೇಲೆ, ಮಣ್ಣಿನಲ್ಲಿ ಬೀಳುವುದನ್ನು ಕಲಿತ ಮೇಲೆ, ಪಟ್ಟುಗಳು. ಇಲ್ಲಿಯೂ ಹಾಗೆಯೇ. ಮೊದಲ ವಾರ ಒಂಟಿಯಾಗಿ ನಿಲ್ಲುವುದು: ಪಾದಗಳು ಹೆಗಲಿನಷ್ಟು ಅಗಲಕ್ಕೆ, ಮಂಡಿ ಬಾಗಿ, ಸೊಂಟ ತಗ್ಗಿ, ಬೆನ್ನು ಹಲಗೆಯಂತೆ ನೇರವಾಗಿ, ಕಣ್ಣು ಮೇಲೆ. ಬೆನ್ನು ಬಿಲ್ಲಾಗಿ ತಲೆ ಕೆಳಗಾದರೆ ಕುತ್ತಿಗೆಗೆ ಕೇಡೆಂದು ತಿಳಿಯತಕ್ಕದ್ದು. ಈ ನಿಲುವಿನಲ್ಲಿಯೇ ಎಡಕ್ಕೂ ಬಲಕ್ಕೂ ಸರಿದಾಡಬೇಕು. ಕಾಲುಗಳು ಒಂದನ್ನೊಂದು ದಾಟಕೂಡದು.

ಎರಡನೆಯ ವಾರ ಇಬ್ಬರ ಪಾಠ. ಹೆಗಲಿಗೆ ಹೆಗಲು ಕೊಟ್ಟು ನಿಧಾನವಾಗಿ ಒತ್ತುವುದು; ಒಬ್ಬನು ಒತ್ತಿದಾಗ ಇನ್ನೊಬ್ಬನು ಸೊಂಟದಿಂದ ತಡೆಯುವುದು. ಕೈಜೋಡಿಸುವಾಗ ಬೆರಳಿಗೆ ಬೆರಳು ಹೆಣೆಯದೆ ಮಣಿಕಟ್ಟನ್ನು ಹಿಡಿಯುವುದು. ಹೆಣೆದ ಬೆರಳು ಎಳೆತಕ್ಕೆ ಸಿಕ್ಕಿ ಮುರಿಯುವುದುಂಟು. ಆಮೇಲೆ ನಾಲ್ವರು ಸರಪಣಿಯಾಗಿ ನಿಂತು, ಸರಪಣಿ ಕಡಿಯದಂತೆ ಮುಂದೆ ಹಿಂದೆ ಪಕ್ಕಕ್ಕೆ ನಡೆಯುವುದು. ಶಾಲೆಯ ವಾರ್ಷಿಕೋತ್ಸವದ ಹಗ್ಗಜಗ್ಗಾಟವೂ ಇದಕ್ಕೆ ಒಳ್ಳೆಯ ಪೂರಕ. 1900ರಿಂದ 1920ರವರೆಗೆ ಒಲಿಂಪಿಕ್ಸಿನಲ್ಲಿಯೂ ಇದ್ದ ಆ ಆಟದಲ್ಲಿ ಎಂಟು ಬಲಶಾಲಿಗಳು ಎಂಟು ಹೊತ್ತಿಗೆ ಎಳೆದರೆ ಸೋಲು. ಎಂಟು ಸಾಧಾರಣರು ಒಂದೇ ಹೊತ್ತಿಗೆ ಎಳೆದರೆ ಗೆಲುವು.

ಮೂರನೆಯ ವಾರ ಹಿಡಿತ. ದಾಳಿಗಾರನು ನಡೆದು ಬರಬೇಕು, ಓಡಕೂಡದು. ಹಿಡಿಯುವವನು ತೊಡೆಯನ್ನು ಹಿಡಿಯುವಾಗ ಕೆನ್ನೆ ತೊಡೆಯ ಪಕ್ಕಕ್ಕೆ ಒತ್ತಿರಬೇಕು. ತಲೆಯು ಎಂದೆಂದಿಗೂ ಮೊಣಕಾಲಿನ ಎದುರಿಗೆ ಇರಕೂಡದು. ಚಾಮರಾಜಪೇಟೆಯ ಬಾಲಕನಿಗೆ ಆದ ಕೇಡು ಈ ಒಂದು ಮಾತನ್ನು ಹೇಳಿಕೊಡದುದರಿಂದ ಆದುದು. ಒಬ್ಬನು ಕಾಲು ಹಿಡಿದ ಕೂಡಲೆ ಉಳಿದವರು ಬಂದು ಸೊಂಟವನ್ನೂ ತೋಳನ್ನೂ ಹಿಡಿಯಬೇಕು. ಮೇಲೆ ಹಾರಿ ಬೀಳಕೂಡದು. ಮೇಷ್ಟರು ಸೀಟಿ ಊದಿದ ಕ್ಷಣವೇ ಕೈ ಬಿಡಬೇಕು. ಇಷ್ಟೆಲ್ಲ ಕೈಗೂಡಿದ ಮೇಲೆಯೇ ವೇಗದ ಆಟ. ಅದೂ ಮೆತ್ತನೆಯ ಮಣ್ಣಿನ ಮೇಲೆ ಅಥವಾ ಚಾಪೆಯ ಮೇಲೆ. ಸಿಮೆಂಟಿನ ಅಂಗಳದಲ್ಲಿಯೂ ಮಹಡಿಯ ಮೇಲೆಯೂ ಹಿಡಿಯುವ ಆಟವನ್ನು ಆಡಗೊಡಲೇಬಾರದು.

ಆಟದ ಕಟ್ಟಳೆಯೂ ಈ ಎಚ್ಚರಕ್ಕೆ ಬೆಂಬಲವಾಗಿಯೇ ಇದೆ. ದಾಳಿಗಾರನ ಬಾಯಿ ಮುಚ್ಚಿ ಉಸಿರು ನಿಲ್ಲಿಸುವುದು, ಬಟ್ಟೆ ಕೂದಲುಗಳನ್ನು ಹಿಡಿದೆಳೆಯುವುದು, ಎರಡು ಕಾಲುಗಳನ್ನು ಕತ್ತರಿಯಂತೆ ಹಾಕಿ ಕೆಡಹುವುದು, ಇವೆಲ್ಲವೂ ನಿಷಿದ್ಧ. ಉಗುರುಗಳನ್ನು ಕತ್ತರಿಸಿರಬೇಕು, ಹಿಡಿತ ಜಾರುವಂತೆ ಮೈಗೆ ಎಣ್ಣೆಯನ್ನು ಬಳಿದಿರಕೂಡದು. ಉಗುರಿನ ಕೆಲಸವಾದರೂ ಮನೆಯಲ್ಲಿ ಆಗತಕ್ಕದ್ದಷ್ಟೆ!

ಮೂರನೆಯದು, ಮನೆಯವರ ಕರ್ತವ್ಯ. ಕಬಡ್ಡಿಯ ಪಂದ್ಯಗಳಲ್ಲಿ ವಯಸ್ಸಿನ ಮಿತಿಯೊಂದಿಗೆ ತೂಕದ ಮಿತಿಯೂ ಇರುವುದುಂಟು. ಮಿತಿಯನ್ನು ಏರ್ಪಡಿಸಿರುವುದು ಚಿಕ್ಕವರ ಮೇಲೆ ದೊಡ್ಡವರು ಬೀಳದಿರಲೆಂದು. ಆದರೆ ಅದರಿಂದಲೇ ಕೆಲವು ಹುಡುಗರು ಪಂದ್ಯದ ಮುನ್ನಾ ದಿನಗಳಲ್ಲಿ ಊಟ ಬಿಡುವುದು, ನೀರು ಬಿಡುವುದು, ಬಿಸಿಲಿನಲ್ಲಿ ದಪ್ಪ ಬಟ್ಟೆ ಹೊದ್ದು ಓಡುವುದು ಮುಂತಾದ ಸಾಹಸಗಳಿಗೆ ಇಳಿಯುವರು. ಬೆಳೆಯುವ ಮೈಗೆ ಇದು ದ್ರೋಹ. ಊಟ ಬಿಟ್ಟರೆ ಮೊದಲು ಇಳಿಯುವುದು ಬಲ, ಆಮೇಲೆ ಗಮನ. ಗಮನವಿಲ್ಲದವನೇ ಪೆಟ್ಟು ತಿನ್ನುವವನು. ರಾಗಿಯ ಮುದ್ದೆ, ಬೇಳೆ, ಹುರುಳಿಯ ಸಾರು, ಮೊಸರು, ಸೊಪ್ಪು, ವಾಡಿಕೆಯಿದ್ದವರಿಗೆ ಮೊಟ್ಟೆ ಮಾಂಸ, ಇವುಗಳಿಂದ ಕೂಡಿದ ನಮ್ಮ ಮನೆಯ ಊಟವೇ ಆಟಗಾರನಿಗೂ ಸಾಕು. ಡಬ್ಬಿಗಳಲ್ಲಿ ಮಾರುವ ಪುಡಿಗಳು ಬಾಲಕರಿಗೆ ಅಗತ್ಯವಿಲ್ಲ. ತೂಕದ ಮಿತಿಯನ್ನು ಮೀರುವ ಹುಡುಗನಿದ್ದರೆ ಮೇಲಿನ ವಯಸ್ಸಿನ ವಿಭಾಗದಲ್ಲಿ, ತಕ್ಕ ಶಿಕ್ಷಣ ಕೊಟ್ಟು, ಆಡಿಸಲಿ; ಇಲ್ಲವೆ ಆ ವರ್ಷ ಪಂದ್ಯವನ್ನು ಬಿಡಲಿ. ಪಂದ್ಯವು ಬರುವ ವರ್ಷವೂ ಉಂಟು.

ಪೆಟ್ಟಿನ ವಿಷಯದಲ್ಲಿ ಪ್ರತಿಯೊಂದು ಮನೆಯವರೂ ಇಷ್ಟನ್ನು ತಿಳಿದಿರಬೇಕು. ತಲೆಗೆ ಪೆಟ್ಟು ಬಿದ್ದ ಹುಡುಗನು ಮಂಕಾದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ತಲೆನೋವೆಂದರೆ, ವಾಂತಿ ಮಾಡಿದರೆ, ಒಂದು ಎರಡಾಗಿ ಕಾಣುವುದೆಂದರೆ, ಆ ದಿನ ಅವನನ್ನು ಮತ್ತೆ ಅಂಕಣಕ್ಕೆ ಇಳಿಸಲೇಕೂಡದು, ವೈದ್ಯರಿಗೆ ತೋರಿಸಬೇಕು, ಅವರು ಒಪ್ಪಿಗೆ ಕೊಟ್ಟ ಮೇಲೆಯೇ ಮುಂದಿನ ಆಟ. ಬಿದ್ದವನು ಕುತ್ತಿಗೆ ನೋವೆಂದರೆ, ಕೈಕಾಲು ಜೋಮು ಹಿಡಿದಿದೆಯೆಂದರೆ, ಅವನನ್ನು ಎತ್ತಿ ಕೂರಿಸುವುದಾಗಲಿ ಕುತ್ತಿಗೆಯನ್ನು ತಿರುವಿ ನೆಟಿಗೆ ತೆಗೆಯುವುದಾಗಲಿ ಕೂಡದು. ಇದ್ದ ಹಾಗೆಯೇ ಮಲಗಿಸಿ, ತಲೆ ಅಲುಗಾಡದಂತೆ ನೋಡಿಕೊಂಡು, 108ಕ್ಕೆ ದೂರವಾಣಿ ಮಾಡಿ ಆಂಬುಲೆನ್ಸನ್ನು ಕರೆಸಬೇಕು. ಸಾಮಾನ್ಯವಾದ ಉಳುಕೆಂದು ಎಣ್ಣೆ ತಿಕ್ಕಿ ಎಳೆಯುವ ನಮ್ಮ ಹಳೆಯ ಅಭ್ಯಾಸವು ಇಲ್ಲಿ ಅನರ್ಥಕ್ಕೆ ಕಾರಣವಾದೀತು.

ಬಾಲಕರೆಂದು ಬರೆಯುತ್ತ ಬಂದೆವು. ಬಾಲಕಿಯರಿಗೂ ಇದೆಲ್ಲ ಸಲ್ಲುತ್ತದೆ. ಕಾರ್ಕಳದ ಕಡೆಯ ಮಮತಾ ಪೂಜಾರಿಯವರೂ ಬೆಂಗಳೂರಿನ ವಿ. ತೇಜಸ್ವಿನಿ ಬಾಯಿಯವರೂ 2010 ಮತ್ತು 2014ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡಗಳಲ್ಲಿದ್ದವರು. ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ಅಂತೆಯೇ ಕನ್ನಡನಾಡಿನ ಬಿ. ಸಿ. ರಮೇಶರು ಆಟಗಾರರಾಗಿ ಹೆಸರು ಪಡೆದ ಮೇಲೆ ಶಿಕ್ಷಕರಾಗಿ, 2019ರಲ್ಲಿ ಬಂಗಾಳದ ತಂಡಕ್ಕೂ 2024ರಲ್ಲಿ ಪುಣೆಯ ತಂಡಕ್ಕೂ ಲೀಗಿನ ಪ್ರಶಸ್ತಿಯನ್ನು ದೊರಕಿಸಿದರು. ಆಟದ ಹಿಂದೆ ನಿಲ್ಲುವವರಿಗೂ ಕೀರ್ತಿಯುಂಟೆಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಚಾಮರಾಜಪೇಟೆಯ ಸೋದರಿಯವರಿಗೆ ನಮ್ಮ ಉತ್ತರ. ತಾಯೀ, ಆಟವನ್ನು ಬಿಡಿಸಬೇಡಿ. ಆದರೆ ತಾವೂ ಯಜಮಾನರೂ ಒಂದು ದಿನ ಶಾಲೆಗೆ ಹೋಗಿ, ಹಿಡಿಯುವುದನ್ನು ಕ್ರಮವಾಗಿ ಕಲಿಸದೆ ಹುಡುಗನನ್ನು ಅಂಕಣಕ್ಕೆ ಇಳಿಸಬಾರದೆಂದು ವಿನಯದಿಂದಲೂ ದೃಢವಾಗಿಯೂ ಕೇಳಿರಿ. ಕಲಿಸುವವರಿಲ್ಲದಿದ್ದರೆ, ಕಲಿಸುವವರು ದೊರೆಯುವವರೆಗೆ ಅವನು ಓಟ, ಬಸ್ಕಿ, ಈಜು ಮುಂತಾದುವುಗಳಲ್ಲಿ ಮೈ ಬಳಸಲಿ. ಕುತ್ತಿಗೆಯನ್ನು ಒಮ್ಮೆ ವೈದ್ಯರಿಗೆ ತೋರಿಸಿಯೇ ಮತ್ತೆ ಕಳುಹಿಸಿರಿ. ರಾತ್ರಿಯ ಊಟದ ವಿಷಯದಲ್ಲಿ ಗದರಿಸಿ ಫಲವಿಲ್ಲ. ಎಲ್ಲರೂ ಜೊತೆಯಲ್ಲಿ ಕುಳಿತಾಗ, ದಾಳಿಗಾರನನ್ನು ಎಬ್ಬಿಸುವವನು ಗೋಡೆಯವನೆಂಬ ಆಟದ ಕಟ್ಟಳೆಯನ್ನು ಅವನ ಬಾಯಿಂದಲೇ ಹೇಳಿಸಿರಿ. ತನ್ನ ಸ್ಥಾನದ ಬೆಲೆ ತನಗೆ ತಿಳಿದರೆ ತಟ್ಟೆಯನ್ನು ತಾನೇ ಹತ್ತಿರಕ್ಕೆಳೆದುಕೊಳ್ಳುವನು. ಅವನಿಗೆ ದಾಳಿಯ ಆಸೆ ಇದ್ದರೆ ಅದನ್ನೂ ತಪ್ಪೆನ್ನಬೇಡಿ. ಅಭ್ಯಾಸದಲ್ಲಿ ಅವನಿಗೂ ಅವಕಾಶ ದೊರೆಯಲಿ.

ನಮ್ಮ ಉಳಿದ ವಾಚಕರಿಗೂ ಒಂದು ವಿಜ್ಞಾಪನೆ. ಮಕ್ಕಳು ಆಟ ಮುಗಿಸಿ ಧೂಳು ಕಾಲಿನಿಂದ ಹೊಸ್ತಿಲು ತುಳಿದಾಗ ನಾವು ಕೇಳುವುದು, “ಎಷ್ಟು ಪಾಯಿಂಟ್ ತಂದೆ?” ಎಂದು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಏಳು ಮಂದಿಯಲ್ಲಿ ಇಬ್ಬರೋ ಮೂವರೋ. ಇನ್ನು ಮುಂದೆ, “ಇವತ್ತು ಯಾರ ಕೈ ಹಿಡಿದು ನಿಂತಿದ್ದೆ?” ಎಂದು ಕೇಳಿ ನೋಡೋಣ. ಆ ಪ್ರಶ್ನೆಗೆ ಏಳು ಮಂದಿಯಲ್ಲಿಯೂ ಉತ್ತರವಿರುತ್ತದೆ.